ಎರಡಕ್ಷರದ ಚೀಟಿ

ಕೊಟ್ಟೂರಪ್ಪ ಮೇಷ್ಟ್ರ ಕೈಗೆ ಬಂದ ಚೀಟಿಯಲ್ಲಿ ಇದ್ದದ್ದು ಎರಡೇ ಎರಡು ಇಂಗ್ಲಿಷ್ ಅಕ್ಷರ. ಬಿಡಿಸಿ ಓದಿದರೆ ‘ಗೋ’ ಎಂದಿತ್ತು. ಅವರಿಗೆ ಮೊದಲು ಆದದ್ದು ಸಂತೋಷವೇ. ಹಿಂದಿನ ಬೆಂಚಿನವರಿಗೆ ಬಂದಿದ್ದ ಕ್ರಿಯಾಪದಗಳನ್ನು ಉಚ್ಚರಿಸಲು ನಾಲಗೆಯನ್ನು ನಾಲ್ಕು ಕಡೆ ಹೊರಳಿಸಬೇಕಿತ್ತು. ತಮ್ಮದು ಬಾಯಿ ತೆರೆದರೆ ಮುಗಿಯಿತು.

ಅದು ಅರವತ್ತೆಂಟನೇ ಇಸವಿ. ಐದನೇ ಈಯತ್ತೆಯಿಂದ ಮಕ್ಕಳಿಗೆ ಹೊಸ ಪದ್ಧತಿಯಲ್ಲಿ ಇಂಗ್ಲಿಷ್ ಕಲಿಸಬೇಕೆಂದು ಹುಕುಂ ಬಂದು, ಸುತ್ತಲಿನ ನಲವತ್ತು ಮಂದಿ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳನ್ನು ಬಳ್ಳಾರಿಗೆ ಕರೆಸಿ ಒಂದು ತಿಂಗಳ ತರಬೇತಿಗೆ ಕೂಡಿಸಿದ್ದರು. ಕಲಿಸುವವರು ಚಿದಾನಂದಪ್ಪ ಸಾಹೇಬರು. ಅವರ ಪದ್ಧತಿಯಲ್ಲಿ ಕನ್ನಡಕ್ಕೆ ಪ್ರವೇಶವಿರಲಿಲ್ಲ. ‘ನಾನು ಬಾಗಿಲಿಗೆ ಹೋಗುತ್ತಿದ್ದೇನೆ’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳುತ್ತ, ನಿಜವಾಗಿ ಬಾಗಿಲಿಗೆ ಹೋಗಿ ತೋರಿಸಬೇಕು. ಮಕ್ಕಳು ನೋಡಿ ಅರ್ಥ ಮಾಡಿಕೊಂಡು ಒಕ್ಕೊರಲಿನಿಂದ ಅದನ್ನೇ ಹೇಳಬೇಕು. ಮಕ್ಕಳು ಎಂದರೆ ಅಲ್ಲಿ ಬೆಂಚಿನ ಮೇಲೆ ಕೂತ ಉಳಿದ ಮೂವತ್ತೊಂಬತ್ತು ಮಂದಿ ಮೇಷ್ಟ್ರುಗಳೇ. ತಲೆ ನರೆತವರು, ಮೊಮ್ಮಕ್ಕಳನ್ನು ಕಂಡವರು, ಎಲ್ಲ ಕೈಕಟ್ಟಿ ಕೂತು ತಿಂಗಳಿಡೀ “ಹೀ ಈಸ್ ಗೋಯಿಂಗ್ ಟು ದಿ ಡೋರ್” ಎಂದು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದರು.

ಕೊನೆಯ ದಿನ ಪರೀಕ್ಷೆ. ಯಾರಿಗೆ ಯಾವ ಚೀಟಿ ಬಂದಿದೆಯೋ ಆ ಕ್ರಿಯಾಪದದ ಹತ್ತು ಅರ್ಥಗಳನ್ನು ಮಾಡಿ ತೋರಿಸಬೇಕು. ಬಾಯಿಂದ ಕನ್ನಡದ ಒಂದಕ್ಷರ ಬಿದ್ದರೆ ಹತ್ತು ಮಾರ್ಕು ಕಡಿತ.

ಮೇಷ್ಟ್ರ ಸಂತೋಷ ಉಳಿದದ್ದು ಮನೆಗೆ ಬಂದು ನಿಘಂಟು ತೆರೆಯುವವರೆಗೆ. ‘ಗೋ’ ಎಂಬ ಎರಡಕ್ಷರ ನಾಲ್ಕು ಪುಟ ತುಂಬಿಕೊಂಡು ಕೂತಿತ್ತು. ಮನುಷ್ಯ ಹೋಗುವುದು ಸರಿ. ಆದರೆ ಗಡಿಯಾರ ಗೂಡಿನಲ್ಲಿ ಕೂತಲ್ಲೇ ಹೋಗುತ್ತದಂತೆ. ದೀಪ ಆರುವುದೂ ಅದೇ, ಹಾಲು ಕೆಡುವುದೂ ಅದೇ, ಹುಚ್ಚು ಹಿಡಿಯುವುದೂ ಅದೇ, ಇನ್ನೊಬ್ಬರ ಮೈಮೇಲೆ ಬೀಳುವುದೂ ಅದೇ, ಉಪವಾಸ ಇರುವುದೂ ಅದೇ. ಅರ್ಧ ಜಗತ್ತನ್ನು ಆಳಿದ ಜನ ಒಂದೊಂದು ಕೆಲಸಕ್ಕೆ ಒಂದೊಂದು ಮಾತು ಇಟ್ಟುಕೊಳ್ಳುವುದರಲ್ಲಿ ಇಷ್ಟು ಜಿಪುಣರಾದರೇ ಎಂದು ಮೇಷ್ಟ್ರಿಗೆ ಸಿಟ್ಟು ಬಂತು. ನಮ್ಮಲ್ಲೂ ಕರೆಂಟು ಹೋಗುತ್ತದೆ, ಮಾನ ಹೋಗುತ್ತದೆ, ಜೀವವೂ ಹೋಗುತ್ತದೆ, ನಿಜ. ಆದರೆ ಅದನ್ನು ಬೋರ್ಡಿನ ಮುಂದೆ ನಿಂತು ಮಾಡಿ ತೋರಿಸೆಂದು ಯಾರೂ ಹೇಳುವುದಿಲ್ಲ.

ಹೇಗೋ ಒಂಬತ್ತು ಅರ್ಥಗಳಿಗೆ ದಾರಿ ಹುಡುಕಿದರು. ಹತ್ತನೆಯದು ಮಾತ್ರ ಬಗ್ಗಲಿಲ್ಲ. ‘ಈ ರಸ್ತೆ ಸಿರುಗುಪ್ಪಕ್ಕೆ ಹೋಗುತ್ತದೆ.’ ರಸ್ತೆ ಬಿದ್ದಲ್ಲೇ ಬಿದ್ದಿರುತ್ತದೆ, ಅದು ಎಲ್ಲಿಗೆ ಹೋಗುತ್ತದೆ? ಹೋಗದೇ ಇರುವುದನ್ನು ಹೋಗುವ ಹಾಗೆ ಮಾಡಿ ತೋರಿಸುವುದು ಹೇಗೆ? ಬಹಳ ಯೋಚಿಸಿ ಅದನ್ನು ಕೈಬಿಟ್ಟರು. ಅದೊಂದೇ ವಾಕ್ಯದಲ್ಲಿ ಅವರ ಊರಿನ ಹೆಸರು ಇತ್ತು.

ಸಿರುಗುಪ್ಪ ಎಂದರೆ ಮೇಷ್ಟ್ರಿಗೆ ಪ್ರಾಣ. ಹೆಂಡತಿ ವಿರೂಪಮ್ಮ ಅಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದಳು. ಮದುವೆಯಾದ ವರ್ಷವೇ ಮೇಷ್ಟ್ರಿಗೆ ಕುರುಗೋಡಿಗೆ ವರ್ಗವಾಗಿ, ಒಂಬತ್ತು ವರ್ಷದಿಂದ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ತಾವೇ ರೊಟ್ಟಿ ಸುಟ್ಟುಕೊಂಡು ಇದ್ದರು. ಸುಡುವುದು ಎಂದರೆ ನಿಜವಾಗಿ ಸುಡುವುದೇ. ಶನಿವಾರ ಮಧ್ಯಾಹ್ನ ಎರಡು ಬಸ್ಸು ಬದಲಿಸಿ ಊರಿಗೆ ಹೋಗಿ, ಭಾನುವಾರ ಸಂಜೆ ಎರಡು ಬಸ್ಸು ಬದಲಿಸಿ ತಿರುಗಿ ಬರುತ್ತಿದ್ದರು. ಆರು ವರ್ಷದ ಮಗಳು ಗುರುಬಸಮ್ಮ ಅವರನ್ನು ‘ಶನಿವಾರದಪ್ಪ’ ಎಂದು ಕರೆಯುತ್ತಿದ್ದಳು. ಉಳಿದ ದಿನಗಳಿಗೆ ಬೇರೆ ಅಪ್ಪಂದಿರು ಇದ್ದಾರೋ ಎಂಬಂತೆ ಕೇಳಿಸಿ ಮೇಷ್ಟ್ರಿಗೆ ಸಂಕಟವಾಗುತ್ತಿತ್ತು.

ಈಗ ಸಿರುಗುಪ್ಪದ ಶಾಲೆಯಲ್ಲಿ ಒಂದು ಜಾಗ ಖಾಲಿ ಇತ್ತು. ಪರೀಕ್ಷೆಯಲ್ಲಿ ಮೊದಲು ಬಂದವರ ಬಗ್ಗೆ ಚಿದಾನಂದಪ್ಪ ಸಾಹೇಬರು ಏನು ಶಿಫಾರಸು ಬರೆಯುತ್ತಾರೋ ಅದೇ ಆದೇಶ ಎಂದು ಎಲ್ಲರಿಗೂ ಗೊತ್ತಿತ್ತು. ಮೇಷ್ಟ್ರು ಮೊದಲು ಬರಬೇಕು, ಅಷ್ಟೇ.

ಪರೀಕ್ಷೆಗೆ ಹಿಂದಿನ ದಿನ ಸಾಹೇಬರು ಒಂದು ಉಪಾಯ ಹೇಳಿಕೊಟ್ಟಿದ್ದರು. ಬೆಳಿಗ್ಗೆ ಎದ್ದಾಗಿನಿಂದ ಕನ್ನಡ ಆಡಬೇಡಿ, ನಾಲಗೆ ಇಂಗ್ಲಿಷಿಗೆ ಪಳಗಿರುತ್ತದೆ ಎಂದು. ನಲವತ್ತು ಮಂದಿಯಲ್ಲಿ ಆ ಮಾತನ್ನು ನಂಬಿ ನಡೆಸಿದವರು ಕೊಟ್ಟೂರಪ್ಪ ಮೇಷ್ಟ್ರೊಬ್ಬರೇ.

ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಅವರು ಅಂಗಳದಲ್ಲಿ ಸರಂಜಾಮು ಜೋಡಿಸಿಕೊಂಡು ನಿಂತರು. ಒಂದು ಅಲಾರಂ ಗಡಿಯಾರ, ಒಂದು ಲಾಟೀನು, ಎರಡು ದಿನದಿಂದ ಬೇಕೆಂದೇ ಗೂಡಿನಲ್ಲಿಟ್ಟು ಕೆಡಿಸಿದ ಒಂದು ಸೀಸೆ ಹಾಲು, ಒಂದು ಸ್ಟೂಲು.

ಅಂಗಳದ ಗೋಡೆ ಎದೆಮಟ್ಟ. ಅದರಾಚೆ ಮೂಕಮ್ಮನ ಮನೆ. ಆಕೆಗೆ ಆ ಹೆಸರಿಟ್ಟವರು ಇನ್ನೂ ಬದುಕಿದ್ದರೆ ಕರೆದು ಕೇಳಬೇಕು. ಎದ್ದಾಗ ತೆರೆದ ಬಾಯಿ ಮಲಗುವಾಗಲೇ ಮುಚ್ಚುತ್ತಿದ್ದದ್ದು. ಮೇಷ್ಟ್ರ ಮೇಲೆ ಆಕೆಗೆ ತಮ್ಮನ ಮೇಲಿನಷ್ಟು ಅಕ್ಕರೆ. ಅಂಗಳ ಗುಡಿಸುತ್ತಿದ್ದವಳು ಗೋಡೆಯ ಮೇಲಿಂದ ಇಣುಕಿದಾಗ ಮೇಷ್ಟ್ರು ಲಾಟೀನು ಹಚ್ಚಿದರು, ಆರಿಸಿದರು, ಮತ್ತೆ ಹಚ್ಚಿದರು, ಮತ್ತೆ ಆರಿಸಿದರು.

“ಮೇಷ್ಟ್ರ, ಶುಕ್ರಾರ ಹೊತ್ತು ಮೂಡೋ ಮುಂದ ಹಿಂಗ ದೀಪ ಆರಸ್ತಾರೇನ್ರಿ? ಏನಾಗೈತ್ರಿ ನಿಮಗ?”

“ದಿ ಲ್ಯಾಂಪ್ ಹ್ಯಾಸ್ ಗಾನ್ ಔಟ್,” ಎಂದರು ಮೇಷ್ಟ್ರು, ಆಕೆಯನ್ನೇ ಮಗುವೆಂದು ತಿಳಿದು, ಕೈಯಿಂದ ಲಾಟೀನು ತೋರಿಸುತ್ತ.

ಆಕೆ ಪೊರಕೆ ಕೆಳಗಿಟ್ಟಳು. ಮೇಷ್ಟ್ರು ಸ್ಟೂಲಿನ ಸುತ್ತ ಮೂರು ಸುತ್ತು ಬಂದರು. “ಐ ಆಮ್ ಗೋಯಿಂಗ್ ರೌಂಡ್.” ಆಮೇಲೆ ದೂರ ನಿಂತು ಓಡಿಬಂದು ಸ್ಟೂಲಿನ ಮೇಲೆ ಬಿದ್ದು ಅದನ್ನು ಅಪ್ಪಿಕೊಂಡು ಗುದ್ದಿದರು. “ಐ ಆಮ್ ಗೋಯಿಂಗ್ ಫಾರ್ ದಿ ಸ್ಟೂಲ್.” ಹಾಲಿನ ಸೀಸೆ ಮೂಸಿ ಮುಖ ಸಿಂಡರಿಸಿ ಅದಕ್ಕೂ ಒಂದು ಮಾತು ಹೇಳಿದರು.

ಮೂಕಮ್ಮ ಸೆರಗು ಬಿಗಿದುಕೊಂಡು ಬೀದಿಗೆ ಓಡಿದಳು. ಎದುರಿಗೆ ಉಚ್ಚೆಂಗೆಪ್ಪನ ಚಹಾದಂಗಡಿ. “ಉಚ್ಚೆಂಗೆಪ್ಪಾ, ಬಾರೋ ಲಗೂನ! ಮೇಷ್ಟ್ರು ಸ್ಟೂಲಿನ ಕೂಡ ಜಗಳಾ ಆಡಾಕತ್ತಾರ!”

ಉಚ್ಚೆಂಗೆಪ್ಪ ಮಿರ್ಚಿ ಕರಿಯುತ್ತಿದ್ದ ಜಾಲರಿಯನ್ನು ಕೈಯಲ್ಲಿ ಹಿಡಿದೇ ಬಂದ. ಅವನ ಹಿಂದೆ ಚಹಾ ಕುಡಿಯುತ್ತಿದ್ದವರೂ ಬಂದರು. ಎಲ್ಲರೂ ಗೋಡೆಗೆ ಸಾಲಾಗಿ ಗಲ್ಲ ಊರಿ ನಿಂತಾಗ ಮೇಷ್ಟ್ರು ಎರಡೂ ಕೈಯಿಂದ ತಲೆಗೂದಲು ಕಿತ್ತುಕೊಳ್ಳುತ್ತ ಕಣ್ಣು ಮೇಲೆ ಮಾಡಿ “ಐ ಆಮ್ ಗೋಯಿಂಗ್ ಮ್ಯಾಡ್” ಎನ್ನುತ್ತಿದ್ದರು.

“ಮ್ಯಾಡ್ ಅಂದ್ರ ಹುಚ್ಚು,” ಎಂದ ಉಚ್ಚೆಂಗೆಪ್ಪ. ಬಳ್ಳಾರಿಯ ಸಿನಿಮಾ ಟಾಕೀಸುಗಳ ಕೃಪೆಯಿಂದ ಅವನಿಗೆ ಬರುತ್ತಿದ್ದ ಇಂಗ್ಲಿಷು ಅದೊಂದೇ. “ತಾವ ಬಾಯಿಬಿಟ್ಟು ಹೇಳಾಕತ್ತಾರ ಪಾಪ. ಲೇ, ಯಾರಾರ ಅಯ್ಯನೋರನ್ನ ಕರ್ಕೊಂಡು ಬರ್ರಲೇ!”

ಅಯ್ಯನವರು ಎಂದರೆ ಮಲ್ಲಯ್ಯ. ಚೇಳು ಕಚ್ಚಿದರೆ, ಎಮ್ಮೆ ಹಾಲು ಬಿಡದಿದ್ದರೆ, ಮೈಮೇಲೆ ಏನಾದರೂ ಬಂದರೆ ಕುರುಗೋಡಿನ ಆ ಕೇರಿಗೆ ಅವರೇ ಡಾಕ್ಟರು. ಜೋಳಿಗೆಯಲ್ಲಿ ವಿಭೂತಿ, ಬೇವಿನ ಸೊಪ್ಪು, ಕರಿ ದಾರ ಇಟ್ಟುಕೊಂಡು ಬಂದು ಮೇಷ್ಟ್ರ ಮುಖವನ್ನು ಬಹಳ ಹೊತ್ತು ನೋಡಿದರು. ಮೇಷ್ಟ್ರು ವಿನಯದಿಂದ “ಗುಡ್ ಮಾರ್ನಿಂಗ್” ಎಂದರು.

“ಸಂಶಯಾನ ಇಲ್ಲ,” ಎಂದರು ಮಲ್ಲಯ್ಯ. “ಇದು ದೊರಿ ದೆವ್ವ. ತಿಂಗಳಿಂದ ದಿನಾ ಬಳ್ಳಾರಿಗೆ ಹೋಗಿ ಬರಾಕತ್ತಾರ. ಅಲ್ಲಿ ದಂಡಿನ ಕಡಿ ಹಳೇ ಕಾಲದ ಬಿಳಿ ದೊರಿಗಳ ಗೋರಿ ಅದಾವ. ಯಾವನೋ ಒಬ್ಬಾವ ಬೆನ್ನು ಹತ್ಯಾನ.”

ಇಬ್ಬರು ಮೇಷ್ಟ್ರ ರಟ್ಟೆ ಹಿಡಿದರು. ಹಣೆ ತುಂಬ ವಿಭೂತಿ ಬಿತ್ತು, ಕಿವಿಯ ಮೇಲೆ ಬೇವಿನ ಸೊಪ್ಪು ಏರಿತು. ಉಚ್ಚೆಂಗೆಪ್ಪ ಒಲೆಯ ಕೆಂಡ ತಂದು ಒಣಮೆಣಸಿನಕಾಯಿ ಉದುರಿಸಿದ. ಆ ಘಾಟಿಗೆ ಮೇಷ್ಟ್ರ ಕಣ್ಣು ಮೂಗು ಎಲ್ಲ ಒಟ್ಟಿಗೆ ಸುರಿದು, ಇಂಗ್ಲಿಷು ಸೀನಿನೊಡನೆ ಹಾರಿಹೋಯಿತು.

“ಉಚ್ಚೆಂಗೆಪ್ಪಾ, ಬಿಡೋ ಮಾರಾಯಾ! ನನಗೇನೂ ಆಗಿಲ್ಲ! ಇವತ್ತು ಪರೀಕ್ಷಾ ಐತಿ!”

ಜನ ಹೋ ಎಂದರು. ಮಲ್ಲಯ್ಯ ಕೈಯೆತ್ತಿ ಸುಮ್ಮನಿರಿಸಿದರು. “ನೋಡಿದ್ರಿಲ್ಲ? ಇಷ್ಟರಾಗ ಕನ್ನಡಾನೂ ಕಲ್ತೈತಿ. ಭಾಳ ಶಾಣ್ಯಾ ದೆವ್ವ. ಅದರ ಮಾತು ನಂಬಬ್ಯಾಡ್ರಿ.”

ಇನ್ನು ಹೇಳಿ ಪ್ರಯೋಜನವೇನು? ನಿಜ ಹೇಳಿದರೆ ದೆವ್ವ ಹೇಳಿತು ಎನ್ನುತ್ತಾರೆ, ಸುಮ್ಮನಿದ್ದರೆ ದೆವ್ವ ಬಾಯಿ ಕಟ್ಟಿತು ಎನ್ನುತ್ತಾರೆ.

ಮಲ್ಲಯ್ಯ ಮಂತ್ರ ಶುರು ಮಾಡಿ ನಡುವೆ ನಿಲ್ಲಿಸಿದರು. “ಒಂದು ಅಡಚಣಿ ಐತಿ. ನನ್ನ ಮಂತ್ರ ಕನ್ನಡದಾವು. ದೊರಿಗೆ ತಿಳಿಬೇಕಲ್ಲ? ಮದರಾಸಿನ ಕಾಲದಾಗ ದೊರಿಗಳಿಗೆ ತೆಲುಗು ಬರ್ತಿತ್ತಂತ, ನಮ್ಮಜ್ಜ ಹೇಳ್ತಿದ್ದ. ತೆಲುಗಿನಾಗ ನೋಡೋಣು.” ಎದೆಯುಬ್ಬಿಸಿ “ಪೋ ದೊರಾ, ಪೋ!” ಎಂದು ಗುಡುಗಿದರು. ಮೇಷ್ಟ್ರು ಸೀನಿದರು.

“ತೆಲುಗು ಬರಂಗಿಲ್ಲ ಇದಕ್ಕ,” ಎಂದು ಮಲ್ಲಯ್ಯ ತೀರ್ಮಾನಿಸಿದರು. “ಇಂಗ್ಲಿಷಿನಾಗ ಹೇಳಬೇಕು. ಊರಾಗ ಇಂಗ್ಲಿಷು ಬರೋರು ಯಾರದಾರ?”

“ಒಬ್ಬರ ಅದಾರ,” ಎಂದಳು ಮೂಕಮ್ಮ ಕಣ್ಣೊರೆಸಿಕೊಳ್ಳುತ್ತ. “ಅವರ ಮೈಮ್ಯಾಗ ಬಂದೈತಲ್ರಿ.”

ಎಲ್ಲರೂ ಇದಕ್ಕೇನು ಮಾಡಬೇಕೆಂದು ಚರ್ಚೆಗಿಳಿದರು. ಅಷ್ಟರಲ್ಲಿ ಎಂಟೂವರೆಯ ಬಳ್ಳಾರಿ ಬಸ್ಸು ಬೀದಿಯ ತುದಿಯಲ್ಲಿ ಹಾರ್ನು ಹೊಡೆಯಿತು. ಮೂಕಮ್ಮ ಆ ಗದ್ದಲದಲ್ಲೇ ಚೆಲ್ಲಾಪಿಲ್ಲಿಯಾಗಿದ್ದ ಸಾಮಾನುಗಳನ್ನೆಲ್ಲ ಎತ್ತಿ, ಒಳಗೆ ಹೋಗಿ ಬಂದು, ಚೀಲದಲ್ಲಿ ಅಚ್ಚುಕಟ್ಟಾಗಿ ಹೊಂದಿಸಿಟ್ಟಿದ್ದಳು. ರಟ್ಟೆ ಹಿಡಿದವರ ಕೈ ಸಡಿಲವಾಗಿತ್ತು. ಮೇಷ್ಟ್ರು ಕೊಸರಿಕೊಂಡು ಚೀಲ ಕಿತ್ತುಕೊಂಡು ಓಡಿ, ಹೊರಟ ಬಸ್ಸಿಗೆ ಜೋತುಬಿದ್ದರು.

ಬಸ್ಸಿನಲ್ಲಿ ಹಣೆಯ ವಿಭೂತಿ, ಕಿವಿಯ ಬೇವು, ಕೆಂಪು ಕಣ್ಣು ಕಂಡ ಜನ ತಾವಾಗಿಯೇ ಎದ್ದು ಮೂರು ಜನರ ಸೀಟನ್ನು ಅವರೊಬ್ಬರಿಗೇ ಬಿಟ್ಟುಕೊಟ್ಟರು. ಒಂಬತ್ತು ವರ್ಷದಲ್ಲಿ ಆ ಬಸ್ಸಿನಲ್ಲಿ ಕಾಲು ಚಾಚಿ ಕೂತದ್ದು ಅದೇ ಮೊದಲು. ಮೇಷ್ಟ್ರು ಕಿಟಕಿಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡರು. ಅದು ಮೆಣಸಿನಕಾಯಿಯ ನೀರೋ ಬೇರೆಯದೋ ಅವರಿಗೂ ತಿಳಿಯಲಿಲ್ಲ. ಊರಿಗೆ ಹೋಗಿಬಿಟ್ಟರೆ ಸಾಕು, ಈ ಗೋಡೆ, ಈ ಇಣುಕು, ಈ ಜನ ಯಾವುದೂ ಇರುವುದಿಲ್ಲ ಎಂದು ಸಮಾಧಾನ ತಂದುಕೊಂಡರು.

ತರಬೇತಿಯ ದೊಡ್ಡ ಕೋಣೆಯಲ್ಲಿ ಅವರಿಗಿಂತ ಮೊದಲಿನ ಸರದಿ ಕುಡತಿನಿಯ ಹಾಲಸಿದ್ದಪ್ಪ ಮೇಷ್ಟ್ರದು. ಆ ಪುಣ್ಯಾತ್ಮರ ಚೀಟಿಯಲ್ಲಿದ್ದದ್ದು ‘ಸ್ಲೀಪ್’. ಅವರು ಮೇಜಿನ ಮೇಲೆ ಅಂಗಾತ ಮಲಗಿ “ಐ ಆಮ್ ಸ್ಲೀಪಿಂಗ್” ಎಂದರು. ಮೇಷ್ಟ್ರುಗಳೆಲ್ಲ “ಹೀ ಈಸ್ ಸ್ಲೀಪಿಂಗ್” ಎಂದು ಕೂಗಿದರು. ಮುಂದಿನ ವಾಕ್ಯ ಬರಲೇ ಇಲ್ಲ. ಹಾಲಸಿದ್ದಪ್ಪನವರಿಗೆ ನಿಜವಾಗಿಯೇ ನಿದ್ದೆ ಹತ್ತಿತ್ತು. ನಾಲ್ಕು ಜನ ಎತ್ತಿಕೊಂಡು ಹೋಗಿ ಮೂಲೆಯ ಬೆಂಚಿಗೆ ಹಾಕಿದರು. ಚಿದಾನಂದಪ್ಪ ಸಾಹೇಬರು ಕನ್ನಡಕ ಏರಿಸಿಕೊಂಡು ಪುಸ್ತಕದಲ್ಲಿ ಏನೋ ಬರೆದರು. ಇವರಿಗಿಂತ ಮೇಲಾಗುವುದು ಕಷ್ಟವಲ್ಲ ಎಂದು ಕೊಟ್ಟೂರಪ್ಪ ಮೇಷ್ಟ್ರಿಗೆ ಧೈರ್ಯ ಬಂತು.

ಮೊದಲು ಗಡಿಯಾರ ತೆಗೆದರು. “ದಿ ಕ್ಲಾಕ್ ಈಸ್ ಗೋಯಿಂಗ್.” ಎತ್ತಿ ಹಿಡಿದರು. ಸದ್ದಿಲ್ಲ. ಕಿವಿಗೆ ಹಿಡಿದರು. ಹಿಂದಿನ ಮುಚ್ಚಳ ತೆಗೆದರೆ ಒಳಗೆ ಹಿಡಿ ಹತ್ತಿ. ಟಿಕ್ ಟಿಕ್ ಸದ್ದಿಗೆ ದೆವ್ವ ಎಚ್ಚರವಾಗಬಾರದೆಂದು ಮೂಕಮ್ಮ ತುರುಕಿದ್ದಳು.

ಲಾಟೀನು ಹಚ್ಚಿದರು. “ದಿ ಲ್ಯಾಂಪ್ ಹ್ಯಾಸ್ ಗಾನ್ ಔಟ್” ಎನ್ನುತ್ತ ಬತ್ತಿಯ ತಿರುಗಣಿಗೆ ಕೈ ಹಾಕಿದರೆ ಅದು ಅಲುಗಲಿಲ್ಲ. ದೀಪ ಇನ್ನೊಮ್ಮೆ ಆರಬಾರದೆಂದು ಅಯ್ಯನವರ ಕರಿ ದಾರವನ್ನು ಅದಕ್ಕೆ ಏಳು ಸುತ್ತು ಸುತ್ತಿ ಗಂಟು ಹಾಕಲಾಗಿತ್ತು. ಮೇಷ್ಟ್ರು ಗಾಜಿನ ಮೇಲೆ ಊದಿದರು, ಕೆಳಗಿಂದ ಊದಿದರು, ಟವಲು ಬೀಸಿದರು. ದೀಪ ನಂದಾದೀಪದ ಹಾಗೆ ಉರಿಯುತ್ತಲೇ ಇತ್ತು. ವಾಕ್ಯ ಆಗಲೇ ಬಾಯಿಂದ ಬಿದ್ದಿದ್ದರಿಂದ ಮೂವತ್ತೆಂಟು ಮಂದಿ ಉರಿಯುವ ದೀಪ ನೋಡುತ್ತ ದೀಪ ಆರಿದೆ ಎಂದು ಗಟ್ಟಿಯಾಗಿ ಕೂಗಿದರು.

ಉಳಿದದ್ದು ಹಾಲು. ಅದಂತೂ ಕೈಬಿಡಲಾರದು, ಎರಡು ದಿನದ್ದು. “ದಿ ಮಿಲ್ಕ್ ಹ್ಯಾಸ್ ಗಾನ್ ಬ್ಯಾಡ್” ಎಂದು ಮೊದಲೇ ಮುಖ ಸಿಂಡರಿಸಿ ಬಿರಡೆ ತೆಗೆದರು. ಏಲಕ್ಕಿಯ ಘಮ ಕೋಣೆಯನ್ನೆಲ್ಲ ತುಂಬಿತು. ಕೆಟ್ಟ ಹಾಲು ಕುಡಿದು ಮೇಷ್ಟ್ರ ಹೊಟ್ಟೆ ಕೆಡಬಾರದೆಂದು ಮೂಕಮ್ಮ ಅದನ್ನು ಚೆಲ್ಲಿ, ಆಗಷ್ಟೇ ಕರೆದ ಎಮ್ಮೆಯ ಹಾಲನ್ನು ಬೆಲ್ಲ, ಏಲಕ್ಕಿ ಹಾಕಿ ಕಾಯಿಸಿ ತುಂಬಿದ್ದಳು. ಸಾಹೇಬರು ಸೀಸೆಯನ್ನು ತರಿಸಿಕೊಂಡು ಒಂದು ಗುಟುಕು ಕುಡಿದರು. ಇನ್ನೊಂದು ಕುಡಿದರು. “ವೆರಿ ಗುಡ್ ಮಿಲ್ಕ್,” ಎಂದು ಬಾಯೊರೆಸಿಕೊಂಡು ಪುಸ್ತಕದಲ್ಲಿ ಬರೆದುಕೊಂಡರು.

ಸಿರುಗುಪ್ಪದ ಓಣಿ, ಹೊಲಿಗೆ ಯಂತ್ರದ ಮುಂದೆ ಕೂತ ವಿರೂಪಮ್ಮ, ಶನಿವಾರದಪ್ಪ ಎನ್ನುವ ಮಗಳು, ಎಲ್ಲ ಕಣ್ಣೆದುರು ಬಂದು ದೂರ ಸರಿದಂತಾಯಿತು. ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಕೂದಲು ಹಿಡಿದು ಜಗ್ಗಿ, “ಐ ಆಮ್ ಗೋಯಿಂಗ್ ಮ್ಯಾಡ್!” ಎಂದು ಅರಚಿದರು. ಈ ಸಲ ಅದರಲ್ಲಿ ನಟನೆ ಇರಲಿಲ್ಲ.

“ಕೇಳಿದ್ರಿಲ್ಲ? ಮತ್ತ ಹೇಳಾಕತ್ತೈತಿ!” ಎಂಬ ಕೂಗಿನೊಡನೆ ಬಾಗಿಲು ತಳ್ಳಿಕೊಂಡು ಮೂಕಮ್ಮ ಒಳಗೆ ಬಂದಳು. ಹಿಂದೆ ಮಲ್ಲಯ್ಯ, ಉಚ್ಚೆಂಗೆಪ್ಪ, ಅವರ ಹಿಂದೆ ಕೇರಿಯ ಇಪ್ಪತ್ತು ಮಂದಿ. ಬಳ್ಳಾರಿಯ ಬ್ರೂಸ್‌ಪೇಟೆಗೆ ಶೇಂಗಾ ಹೊತ್ತು ಹೊರಟಿದ್ದ ಲಾರಿಯನ್ನು ತಡೆದು, ಮೂಟೆಗಳ ಮೇಲೆ ಹತ್ತಿ ಕೂತು ಬಂದಿದ್ದರು. ತಲೆಯಿಂದ ಕಾಲಿನವರೆಗೆ ಎಲ್ಲ ಕೆಂಪು ಧೂಳು.

ಸಾಹೇಬರು ಎದ್ದು ನಿಂತರು. ತಮ್ಮ ನಿಯಮ ತಾವೇ ಮುರಿಯಲಾರದೆ “ಹೂ ಆರ್ ಯು?” ಎಂದರು. ತಿಂಗಳಿನ ಅಭ್ಯಾಸಬಲದಿಂದ ಮೂವತ್ತೆಂಟು ಮೇಷ್ಟ್ರುಗಳು ಒಕ್ಕೊರಲಿನಿಂದ “ಹೂ ಆರ್ ಯು?” ಎಂದರು.

ಮೂಕಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. “ಯವ್ವಾ ನಮ್ಮವ್ವಾ! ಅಯ್ಯನೋರ, ಇಲ್ಲಿ ಎಲ್ಲಾರಿಗೂ ಬಡದೈತಿ!”

ಕೊನೆಗೆ ಸಾಹೇಬರು ಸೋತು ಕನ್ನಡಕ್ಕೆ ಬಂದರು. ಮಲ್ಲಯ್ಯ ಬೆಳಗಿನಿಂದ ನಡೆದದ್ದನ್ನೆಲ್ಲ ಬಿಡದೆ ಹೇಳಿ ಕೈಮುಗಿದರು. “ನೀವು ದೊಡ್ಡೋರ್ರಿ. ನಮ್ಮ ಕನ್ನಡ, ತೆಲುಗು ಎರಡೂ ಅದಕ್ಕ ನಾಟಲಿಲ್ಲ. ಅದರ ಭಾಷಾದಾಗ ನೀವು ಒಂದ ಒಂದು ಮಾತು ಹೇಳ್ರಿ, ಹೋಗಂತ. ನಮ್ಮ ಮೇಷ್ಟ್ರು ನಮಗ ಸಿಕ್ಕರ ಸಾಕು.”

ಇವರನ್ನು ಸಾಗಹಾಕಿದರೆ ಸಾಕೆಂದು ಸಾಹೇಬರು ಮೇಷ್ಟ್ರ ಕಡೆ ತಿರುಗಿ ಬಾಗಿಲಿಗೆ ಬೆರಳು ತೋರಿಸಿ “ಗೋ!” ಎಂದು ಗದರಿದರು.

ಸಾಹೇಬರ ಬಾಯಿಂದ ಆ ಮಾತು ಬಂದರೆ ಏನು ಮಾಡಬೇಕೆಂದು ತಿಂಗಳಿಡೀ ಕಲಿತ ದೇಹ ಅದು. ಮೇಷ್ಟ್ರು ನೆಟ್ಟಗಾದರು. “ಐ ಆಮ್ ಗೋಯಿಂಗ್ ಟು ದಿ ಡೋರ್,” ಎನ್ನುತ್ತ ಬಾಗಿಲಿಗೆ ನಡೆದರು. “ಹೀ ಈಸ್ ಗೋಯಿಂಗ್ ಟು ದಿ ಡೋರ್!” ಎಂದು ಇಡೀ ಕೋಣೆ ಗುಡುಗಿತು. ಬಾಗಿಲಲ್ಲಿ ಮೇಷ್ಟ್ರು ಹೊಸ್ತಿಲು ಎಡವಿ ಕುಸಿದು ಕೂತು ಕನ್ನಡದಲ್ಲಿ “ಯಪ್ಪಾ” ಎಂದರು.

“ಬಿಡ್ತು! ದೆವ್ವ ಬಿಡ್ತು!” ಎಂದು ಜನ ಕುಣಿದರು. ಮೂಕಮ್ಮ ಓಡಿಹೋಗಿ ಮೇಷ್ಟ್ರ ಕಾಲು ತಿಕ್ಕುತ್ತ ಗೊಳೋ ಎಂದು ಅತ್ತಳು. ಉಚ್ಚೆಂಗೆಪ್ಪ ಅಂಗಡಿಯಿಂದ ಕಟ್ಟಿಕೊಂಡು ಬಂದಿದ್ದ ಮಂಡಕ್ಕಿ ಮಿರ್ಚಿಯ ಪೊಟ್ಟಣ ಬಿಚ್ಚಿ ಸಾಹೇಬರ ಮುಂದಿಟ್ಟ.

ಸಾಹೇಬರು ಅದನ್ನು ಮುಟ್ಟಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸಿದರೂ ಮಸುಕು ಹೋಗಲಿಲ್ಲ, ಮಸುಕು ಕಣ್ಣಿನಲ್ಲೇ ಇತ್ತು.

“ಇಪ್ಪತ್ತಾರು ವರ್ಷ ಸರ್ವೀಸು ಮಾಡೀನ್ರಿ,” ಎಂದರು. “ಎಂಟು ಊರು. ಒಂದೂರು ಬಿಟ್ಟು ಬರೋವಾಗಲೂ ಬಸ್‌ಸ್ಟ್ಯಾಂಡಿಗೆ ಒಬ್ಬಾವ ಬಂದಿಲ್ಲ. ಹೋದರ ಸಾಕು ಅಂದೋರು ಭಾಳ. ಒಬ್ಬ ಮೇಷ್ಟ್ರಿಗೆ ಮೈಯಾಗ ಹುಷಾರಿಲ್ಲ ಅಂತ ಊರಿಗೆ ಊರೇ ಲಾರಿ ಹತ್ತಿ ಬರ್ತೈತಿ ಅಂದರ…” ಕನ್ನಡಕ ಮತ್ತೆ ಏರಿಸಿಕೊಂಡರು. “ಕೊಟ್ಟೂರಪ್ಪನೋರ, ಪಾಠ ಅನ್ನೋದು ಗಡಿಯಾರ, ಲಾಟೀನಿನಾಗ ಇಲ್ಲ ಅನ್ನೋದನ್ನ ನೀವು ನನಗ ಕಲಿಸಿದ್ರಿ. ಫಸ್ಟು ನೀವ.”

ಕಿವಿಯ ಮೇಲೆ ನಂಬಿಕೆ ಬಾರದೆ ಮೇಷ್ಟ್ರು ಹೊಸ್ತಿಲಿನಿಂದ ಎದ್ದರು. ಕಾಲು ನೋವು ಮಾಯವಾಯಿತು. ಈ ಜನ ಎಷ್ಟು ಒಳ್ಳೆಯವರು, ಇವರನ್ನು ಬೈದುಕೊಂಡೆನಲ್ಲ ಎಂದು ನಾಚಿಕೆಯೂ ಆಯಿತು. ಸಾಹೇಬರು ಆಗಲೇ ಕೂತು ಬರೆಯತೊಡಗಿದ್ದರು. ಪೆನ್ನು ಸರಸರ ಓಡುತ್ತಿತ್ತು. ಬರೆದು ಮುಗಿಸಿ, ಸಹಿ ಹಾಕಿ, ಸೀಲು ಒತ್ತಿ, ಎಲ್ಲರಿಗೂ ಕೇಳಿಸುವಂತೆ ಕನ್ನಡದಲ್ಲೇ ಓದಿದರು.

“ಈ ಶಿಕ್ಷಕರ ಮೇಲೆ ಕುರುಗೋಡಿನ ಜನರಿಗಿರುವ ಪ್ರೀತಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಇವರನ್ನು ನಿವೃತ್ತಿಯಾಗುವವರೆಗೆ ಯಾವ ಕಾರಣಕ್ಕೂ ಕುರುಗೋಡಿನಿಂದ ಬೇರೆಡೆಗೆ ವರ್ಗಾಯಿಸಬಾರದು.”

ಕೋಣೆ ಚಪ್ಪಾಳೆಯಿಂದ ತುಂಬಿತು. ಮೂಕಮ್ಮ ಎರಡೂ ಕೈಯಿಂದ ಸಾಹೇಬರ ದೃಷ್ಟಿ ನಿವಾಳಿಸಿ ನೆಟಿಕೆ ಮುರಿದಳು.

ಮೇಷ್ಟ್ರು ಓಡಿಬಂದು ಮೇಜಿನ ಅಂಚು ಹಿಡಿದುಕೊಂಡು ಹೇಗೋ ಹೇಳಿದರು. “ಸಾರ್… ಸಿರುಗುಪ್ಪ… ನನಗ ಸಿರುಗುಪ್ಪಕ್ಕ ಹೋಗಬೇಕ್ರಿ ಸಾರ್. ಹೆಂಡ್ತಿ, ಮಗಳು ಅಲ್ಲಿ ಅದಾರ…”

ಚಪ್ಪಾಳೆ ನಿಂತಿತು. ಮಲ್ಲಯ್ಯ ಮೇಷ್ಟ್ರ ರೆಪ್ಪೆ ಬಿಡಿಸಿ ನೋಡಿದರು.

“ಪೂರಾ ಬಿಟ್ಟಿಲ್ಲ,” ಎಂದರು ನಿಟ್ಟುಸಿರಿಟ್ಟು. “ಮೇಷ್ಟ್ರ ದನಿಯಾಗ ಮಾತಾಡಿ ಊರು ಬಿಡಿಸಿಕೊಂಡು ಹೊಂಟೈತಿ.”

“ಒಂಬತ್ತು ವರ್ಷದಾಗ ಒಂದಿನಾರ ನಮ್ಮನ್ನ ಬಿಟ್ಟು ಹೋಗ್ತೀನಿ ಅಂದೋರಲ್ರಿ ನಮ್ಮ ಮೇಷ್ಟ್ರು,” ಎಂದು ಮೂಕಮ್ಮ ಸಾಹೇಬರಿಗೆ ಸಾಕ್ಷಿ ಹೇಳಿದಳು. ಅದು ನಿಜವೇ ಆಗಿತ್ತು. ನೊಂದುಕೊಳ್ಳುತ್ತಾರೆಂದು ಮೇಷ್ಟ್ರು ಅವರೆದುರು ಎಂದೂ ಆ ಮಾತು ಆಡಿರಲಿಲ್ಲ.

ಸಾಹೇಬರು ಅರ್ಥವಾಯಿತೆಂಬಂತೆ ತಲೆಯಾಡಿಸಿ, ಮರುಕದಿಂದ ಮೇಷ್ಟ್ರ ಬೆನ್ನು ತಟ್ಟಿದರು. ಸಿರುಗುಪ್ಪದ ಖಾಲಿ ಜಾಗಕ್ಕೆ ಇನ್ನೊಂದು ಹೆಸರು ಬರೆಯಬೇಕಿತ್ತು. ಕಣ್ಣು ಮೂಲೆಯ ಬೆಂಚಿಗೆ ಹೋಯಿತು. ಅಷ್ಟು ಸಹಜವಾಗಿ ಮಾಡಿ ತೋರಿಸಿದವರು ಮತ್ತೊಬ್ಬರಿಲ್ಲ ಎಂದು ಹಾಲಸಿದ್ದಪ್ಪನವರ ಹೆಸರು ಬರೆದರು. ಎಬ್ಬಿಸಿ ಹೇಳಿದಾಗ ಆ ಮನುಷ್ಯ ಆಕಳಿಸಿ, “ಸಿರುಗುಪ್ಪನಾ? ಅಲ್ಲಿ ಯಾರದಾರ್ರಿ ನನಗ?” ಎಂದು ಗೊಣಗಿದರು.

ಸಂಜೆ ಖಾಲಿ ಲಾರಿ ಕುರುಗೋಡಿಗೆ ಹೊರಟಿತು. ನಡುವೆ ಮೇಷ್ಟ್ರು, ಸುತ್ತ ಕಾವಲಿಗೆ ಊರು. ಉಚ್ಚೆಂಗೆಪ್ಪ ಹಾಡು ಹೇಳುತ್ತಿದ್ದ. ಮೂಕಮ್ಮ ಬರುವ ಸೋಮವಾರದಿಂದ ಮೇಷ್ಟ್ರ ರೊಟ್ಟಿ ತಾನೇ ಬಡಿಯುವುದಾಗಿ ಸಾರಿದಳು. ಮೇಷ್ಟ್ರು ಒಳಗೊಳಗೇ ದಿನ ಎಣಿಸಿಕೊಂಡರು. ಇವತ್ತು ಶುಕ್ರವಾರ, ಹೋಗಲಿ, ನಾಳೆ ಶನಿವಾರ.

“ಇನ್ನೊಂದು ಮಾತು,” ಎಂದರು ಮಲ್ಲಯ್ಯ. “ಪೂರಾ ಬಿಡೋತನಕ ಮೇಷ್ಟ್ರು ಊರ ಗಡಿ ದಾಟಂಗಿಲ್ಲ. ಐದು ಶನಿವಾರ. ಉಚ್ಚೆಂಗೆಪ್ಪಾ, ಬಸ್ಸಿನೋರಿಗೆ ಹೇಳಿಡು, ಹತ್ತಿಸಿಕೊಳ್ಳಬ್ಯಾಡ ಅಂತ.”

“ಆಗಲೇ ಹೇಳೀನ್ರಿ ಅಯ್ಯನೋರ,” ಎಂದ ಉಚ್ಚೆಂಗೆಪ್ಪ.

ಲಾರಿ ಕ್ರಾಸಿಗೆ ಬಂದು ನಿಧಾನವಾಯಿತು. ಕುರುಗೋಡಿಗೆ ಎಡಕ್ಕೆ ಹೊರಳಬೇಕು. ನೇರ ಹೋಗುವ ರಸ್ತೆ ಭತ್ತದ ಗದ್ದೆಗಳ ನಡುವೆ, ಸಂಜೆಯ ಬಿಸಿಲಿನಲ್ಲಿ, ಮಲಗಿದಲ್ಲೇ ಮಲಗಿತ್ತು. ಮೇಷ್ಟ್ರು ಅದನ್ನು ನೋಡಿದರು. ನಿಘಂಟಿನ ಮುಂದೆ ಕೂತು ತಿಣುಕಿದರೂ ಹೊಳೆಯದೇ ಇದ್ದ ಹತ್ತನೆಯ ಅರ್ಥ ಈಗ ಯಾರೂ ಮಾಡಿ ತೋರಿಸದೆಯೇ ಹೊಳೆಯಿತು. ಹೋಗುವುದು ರಸ್ತೆಯೊಂದೇ. ಅವರಿಗೆ ಅಳು ತಡೆಯಲಾಗಲಿಲ್ಲ.

“ದಿಸ್ ರೋಡ್ ಗೋಸ್ ಟು ಸಿರುಗುಪ್ಪ,” ಎಂದರು ಮೆಲ್ಲಗೆ, ಬೆರಳು ತೋರಿಸಿ.

ಹಾಡು ನಿಂತಿತು. ಲಾರಿ ಎಡಕ್ಕೆ ಹೊರಳಿತು. ಮೂಕಮ್ಮ ಸೆರಗಿನಿಂದ ಮೇಷ್ಟ್ರ ಕಣ್ಣೊರೆಸಿ, ಇನ್ನೊಂದು ಕೈಯನ್ನು ಮಲ್ಲಯ್ಯನ ಕಡೆ ಚಾಚಿದಳು.

“ಅಯ್ಯನೋರ, ಇನ್ನೊಂದೀಟು ವಿಭೂತಿ ಕೊಡ್ರಿ. ಮತ್ತ ಶುರುವಾತು.”